ಬೊಳ್ಳವ್ವನ ಮಗನೂ ಗೌರಿ ಎಂಬ ಕೋವಿಯೂ

ಕೊಡಗಿನ ಒಂದೂರಿನಲ್ಲಿ ಬೊಳ್ಳವ್ವ ಅನ್ನುವವಳಿದ್ದಳು. ಅವಳಿಗೊಬ್ಬ ಮಗ, ಪೂಣಚ್ಚ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ತೊಂದರೆ. ಅವನಿಗೊಂದು ಮದುವೆ ಮಾಡಿದರೆ ಸಾಕು ಅಂತ ಬೊಳ್ಳವ್ವ ಹಗಲಿರುಳು ಕೊರಗುತ್ತಿದ್ದಳು. ಆರು ಕಡೆಯ ಹೆಣ್ಣಿನವರು ಬಂದು ಕಾಫಿ ಕುಡಿದು ಹೋಗಿದ್ದರು. ಏಳನೆಯವರು ಆಯುಧ ಪೂಜೆಯ ಮರುದಿನ ಬರುವವರಿದ್ದರು.

ಆ ಮನೆಯಲ್ಲಿ ಬೆಲೆಬಾಳುವುದಕ್ಕೆಲ್ಲ ಹೆಸರಿತ್ತು. ತೀರಿಹೋದ ಗಂಡನ ಕೋವಿಗೆ ಗೌರಿ, ಹುಂಜಕ್ಕೆ ಸುಬೇದಾರ. ಹಬ್ಬದ ದಿನ ಬೊಳ್ಳವ್ವ, “ಗೌರೀನ ಮನೆಮಗಳ ಹಾಗೆ ನೋಡ್ಕೋ,” ಅಂದಳು. ಪೂಣಚ್ಚ ಗೌರಿಗೆ ಸೀಗೆಪುಡಿ ಹಚ್ಚಿ, ಹಂಡೆ ನೀರಲ್ಲಿ ಮುಳುಗಿಸಿ ಮೀಯಿಸಿದ. ನೀರು ಸೋಕಿಸಬಾರದು, ಎಣ್ಣೆ ಸವರಿ, ಬಟ್ಟೆ ಸುತ್ತಿ, ಗೋಡೆಗೆ ತೂಗುಹಾಕಬೇಕು ಅಂತ ಬೊಳ್ಳವ್ವ ಬೈದಳು.

ಮರುದಿನ ಬೆಳಿಗ್ಗೆ ಸುಬೇದಾರನನ್ನು ಜೋಪಾನ ಮಾಡು ಅಂದಳು. ಪೂಣಚ್ಚ ಹುಂಜಕ್ಕೆ ಎಣ್ಣೆ ಸವರಿದ, ಬಟ್ಟೆ ಸುತ್ತಿದ, ಗೋಡೆಗೆ ತೂಗುಹಾಕಿದ. ಬಿಚ್ಚಿ ಇಳಿಸುವಾಗ ಅದಕ್ಕೆ ಅರ್ಧ ಜೀವ.

“ಅಯ್ಯೋ ಮಂಕೇ, ಯಾರಾದ್ರೂ ಕದಲದೆ ಇದ್ರೆ ಸುಮ್ನೆ ನೋಡ್ತಾ ನಿಲ್ಲೋದಾ? ಊರಿಗೆ ತಿಳಿಸ್ಬೇಕು!” ಅಂದು ಬೊಳ್ಳವ್ವ ಹಾಲು ತರಲು ಹೋದಳು.

ಆ ಊರಲ್ಲಿ ತಿಳಿಸುವುದೆಂದರೆ ಗುಂಡಿನಲ್ಲಿ. ಗಂಡುಮಗು ಹುಟ್ಟಿದರೆ ಒಂದು, ಯಾರಾದರೂ ಸತ್ತರೆ ಎರಡು.

ಹುಂಜದ ಸುದ್ದಿ ತಿಳಿಸಲು ಪೂಣಚ್ಚ ಗೌರಿಯ ಕುದುರೆ, ಅಂದರೆ ಗುಂಡು ಹಾರಿಸುವ ಕೀಲು, ಎಳೆದು ನೋಡಿದ. ನಿನ್ನೆಯ ನೀರಿಗೆ ತುಕ್ಕು ಹಿಡಿದದ್ದು ಕದಲಲಿಲ್ಲ. ಕರೆದ, ತಟ್ಟಿದ, ಅತ್ತೇಬಿಟ್ಟ. ಚಾಪೆಯ ಮೇಲೆ ಮಲಗಿಸಿ, ಬಿಳಿ ಬಟ್ಟೆ ಹೊದಿಸಿ, ದೀಪವಿಟ್ಟ. ಪಕ್ಕದ ಮನೆಯ ಮಂದಣ್ಣನ ಕೋವಿ ತಂದು ಎರಡು ಗುಂಡು ಹಾರಿಸಿದ.

ಊರಿಗೆ ಊರೇ ಅಳುತ್ತ ಓಡಿಬಂತು. ಮಂದಣ್ಣ ಬಟ್ಟೆ ಸರಿಸಿ ನೋಡಿ ನಕ್ಕ. ಕುದುರೆಗೆ ಎಣ್ಣೆ ಬಿಟ್ಟು ಸರಿಮಾಡಿಕೊಟ್ಟು ಹೋದ. ಜನವೂ ಗೊಣಗುತ್ತ ಹೋಯಿತು.

ಹಾಲು ಹಿಡಿದು ಬಂದ ಬೊಳ್ಳವ್ವ ಹಣೆ ಚಚ್ಚಿಕೊಂಡಳು. “ಹೆಣ್ಣಿನವರು ಎರಡು ಗುಂಡು ಕೇಳಿ ತಿರುಗಿ ಹೋಗ್ತಾರಲ್ಲೋ. ಗೌರಿ ಸತ್ತಿಲ್ಲ, ಬದುಕಿದ್ದಾಳೆ ಅಂತ ಈಗ ಯಾರು ಹೇಳ್ತಾರೆ?”

ಪೂಣಚ್ಚ ಹೇಳಿದ. ಗೌರಿಯಿಂದಲೇ ಹೇಳಿಸಿದ, ಒಂದೇ ಗುಂಡಿನಲ್ಲಿ.

ಆಗಷ್ಟೇ ಗೇಟು ದಾಟಿದ ಹೆಣ್ಣಿನ ಅಪ್ಪ ನಿಂತುಬಿಟ್ಟ. ಮದುವೆಯಾಗದವನ ಮನೆಯಲ್ಲಿ ಯಾರಿಗೆ ಮಗುವಾಯಿತು ಅಂತ ಕೇಳಿದ.

“ನಮ್ಮ ಗೌರಿ ಬದುಕಿದಳು,” ಅಂದ ಪೂಣಚ್ಚ ಖುಷಿಯಿಂದ.

“ಗೌರಿ ಯಾರಪ್ಪ?”

“ಅಪ್ಪ ತಂದಿಟ್ಟವಳು. ಈಗ ನನ್ನವಳು. ನನ್ನ ಹಾಸಿಗೆ ಪಕ್ಕದಲ್ಲೇ ಇರ್ತಾಳೆ.”

ಆತ ಕಾಫಿಯನ್ನೂ ಕುಡಿಯದೆ ಬಂದ ದಾರಿ ಹಿಡಿದ.

ಬೊಳ್ಳವ್ವ ಜಗಲಿಯಲ್ಲಿ ಕುಸಿದು ಕೂತಳು. ಪೂಣಚ್ಚ ಕರೆದ, ಮಾತಿಲ್ಲ. ತಟ್ಟಿದ, ಕದಲಲಿಲ್ಲ.

ಅವನು ಒಳಗೆ ಹೋಗಿ ಚಾಪೆ ತಂದು ಹಾಸಿದ. ಆಮೇಲೆ ಗೌರಿಗೆ ಎರಡು ತೋಟೆ ತುಂಬಿದ.