ಕಂಚುಗಾರರ ಕೇರಿಯಲ್ಲಿ ಕಛೇರಿ

"ಗುರುಗಳೇ, ಮನಸ್ಸಿಟ್ಟು ಕೇಳುವವರು ಎಲ್ಲಿ ಸಿಗುತ್ತಾರೆ?" ಎಂದು ಸಾಂಬಯ್ಯ ಕೇಳಿದ.

ಸಾಂಬಯ್ಯ ಹಾಡುವವನು. ಗುರುಗಳ ಬಳಿ ಕಲಿತು, ಈಚೆಗೆ ಊರೂರು ತಿರುಗಿ ಹಾಡಲು ಶುರು ಮಾಡಿದ್ದ. ಹಿಂದಿನ ವಾರ ಒಂದು ಮದುವೆ ಮನೆಯಲ್ಲಿ ಅವನು ಕಣ್ಣು ಮುಚ್ಚಿ ಆಲಾಪನೆ ಮಾಡುತ್ತಿದ್ದಾಗ ಬೀಗರೆಲ್ಲ ಎದ್ದು ಊಟಕ್ಕೆ ಹೋಗಿದ್ದರು. ಕಣ್ಣು ಬಿಟ್ಟರೆ ಎದುರಿಗೆ ಬರೀ ಚಾಪೆಗಳು. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಶಾಲು ಬೇಡ, ಸನ್ಮಾನ ಬೇಡ. ಸುಮ್ಮನೆ ಕೂತು ಕೇಳಿದರೆ ಸಾಕು. ಅಷ್ಟನ್ನೂ ಈ ಜನ ಮಾಡುವುದಿಲ್ಲವಲ್ಲ!" ಎಂದ.

ಗುರುಗಳು ಕೂತಲ್ಲೇ ಸ್ವಲ್ಪ ಸರಿದು ಅವನಿಗೆ ಚಾಪೆಯ ಮೇಲೆ ಜಾಗ ಮಾಡಿಕೊಟ್ಟರು. "ನೀನು ಹೇಳುವಂಥವರು ಒಬ್ಬ ಹಾಡುಗನಿಗೆ ಸಿಕ್ಕಿದ್ದರು. ಕೂತುಕೋ, ಹೇಳುತ್ತೇನೆ" ಎಂದರು.

ಒಬ್ಬ ಹಾಡುಗನಿದ್ದ. ಮೊದಲು ಅರಮನೆಯಲ್ಲಿ ಹಾಡುತ್ತಿದ್ದ. ಅರಮನೆಯ ಹಾಡಿಕೆ ಎಂದರೆ ಏನೋ ಎಂದುಕೊಳ್ಳಬೇಡ. ಅರಸ ಊಟಕ್ಕೆ ಕೂತಾಗ ಹಾಡಬೇಕು, ಕೈ ತೊಳೆದಾಗ ನಿಲ್ಲಿಸಬೇಕು, ಅಷ್ಟೇ. ಹಾಡುಗ ತಾರ ಷಡ್ಜ ಹಿಡಿದು ನಿಂತಾಗಲೇ ಸರಿಯಾಗಿ ಅರಸ ಹಪ್ಪಳ ಮುರಿಯುತ್ತಿದ್ದ. ಎಷ್ಟು ದಿನ ಅಂತ ತಡೆದುಕೊಂಡಾನು? ಒಂದು ದಿನ ತಂಬೂರಿ ಹೆಗಲಿಗೇರಿಸಿ ಹೊರಗೆ ಬಂದುಬಿಟ್ಟ. ಇನ್ನು ಯಾರ ಹಂಗೂ ಬೇಡ, ಎಲ್ಲಿ ಜನ ಮನಸ್ಸಿಟ್ಟು ಕೇಳುತ್ತಾರೋ ಅಲ್ಲಿ ಮಾತ್ರ ಹಾಡುತ್ತೇನೆ ಎಂದುಕೊಂಡ. ಹಾಗೆ ಹೊರಟು ಬರುವುದಕ್ಕೆ ಗುಂಡಿಗೆ ಬೇಕು. ಅವನಿಗೆ ಅದು ಇತ್ತು. ಹಾಡೂ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಹೊರಗಿನ ಜನವೂ ಜನವೇ. ಒಬ್ಬ ವರ್ತಕ ಅವನನ್ನು ಕರೆಸಿ ಹಾಡಿಸಿದ. ನಡುನಡುವೆ ಎದ್ದು, ಎಮ್ಮೆಗೆ ಹುಲ್ಲು ಹಾಕಿದರೋ ಇಲ್ಲವೋ ಎಂದು ನೋಡಿಕೊಂಡು ಬರುತ್ತಿದ್ದ. ಛತ್ರದಲ್ಲಿ ಹಾಡಿದರೆ ದಾರಿಹೋಕರು ಮೊದಲ ಕೀರ್ತನೆಗೇ ಗೊರಕೆ ಹೊಡೆಯುತ್ತಿದ್ದರು. ದಣಿದವರು, ಪಾಪ, ಇನ್ನೇನು ಮಾಡಿಯಾರು? ಹಾಡುಗನಿಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಅದಕ್ಕೆ ಅವನು ಒಂದು ಕಟ್ಟು ಮಾಡಿದ. ಎಲೆ ಅಡಿಕೆ ಜಗಿಯುತ್ತ ಯಾರೂ ಕೂರಬಾರದು. ಕೆಲವು ಊರಾದ ಮೇಲೆ, ಹಸುಗೂಸುಗಳನ್ನು ಕರೆತರಬಾರದು ಎಂದ. ಅದೂ ಸಾಲಲಿಲ್ಲ. ಕೊನೆಗೆ, ತಾನು ಮಂಗಳ ಹಾಡಿ ಮುಗಿಸುವವರೆಗೆ ಒಬ್ಬರೂ ಏಳಕೂಡದು, ತುಟಿ ಬಿಚ್ಚಕೂಡದು ಎಂದ. ತಪ್ಪಿದರೆ ಅಲ್ಲಿಗೇ ಹಾಡು ನಿಲ್ಲಿಸಿ, ತಂಬೂರಿಗೆ ಗವಸು ಹಾಕಿ ಹೊರಟೇಹೋಗುತ್ತಿದ್ದ. ಒಂದೂರಿನಲ್ಲಿ ಒಬ್ಬ ಅಜ್ಜಿ ಸೀನಿದ್ದಕ್ಕೆ ಎದ್ದು ಹೋದ. ಹಾಡುಗ ಮುನಿಸಿಕೊಂಡು ಹೋದದ್ದು ಇವಳಿಂದ ಎಂದು ಊರವರು ಆ ಅಜ್ಜಿಯನ್ನು ಬಹಳ ಕಾಲ ಆಡಿಕೊಂಡರು. ಹಾಡುಗನಿಗೆ ಇದು ಗೊತ್ತಾಗಲಿಲ್ಲ. ಗೊತ್ತಾಗಿದ್ದರೂ, ಆಗಬೇಕಾದದ್ದೇ ಎನ್ನುತ್ತಿದ್ದನೋ ಏನೋ.

ಹೀಗೆ ತಿರುಗುತ್ತ ಅವನು ಕಂಚುಗಾರರ ಕೇರಿಗೆ ಬಂದ. ಅಲ್ಲಿ ಮನೆಮನೆಯಲ್ಲೂ ಹಂಡೆ, ಕೊಡ, ತಪ್ಪಲೆ ಬಡಿಯುವ ಕೆಲಸ. ಬೆಳಗಾದರೆ ಸುತ್ತಿಗೆಯ ಸದ್ದು, ಪಕ್ಕದಲ್ಲಿ ನಿಂತವನ ಮಾತೂ ಕೇಳಿಸದಷ್ಟು. ಹಾಡುಗ ಕಿವಿ ಮುಚ್ಚಿಕೊಂಡು ಕೇರಿ ದಾಟುತ್ತಿದ್ದ. ಅಷ್ಟರಲ್ಲಿ ಕೇರಿಗೆ ಹಿರಿಯನಾದ ಒಬ್ಬ ಮುದುಕ ತಂಬೂರಿಯನ್ನು ಕಂಡು ಅಡ್ಡ ಬಂದು ಕೈಮುಗಿದ. ಹುಟ್ಟಿದಾಗಿನಿಂದ ಬಡಿತ ಕೇಳಿದ್ದೇ ಆಯಿತು, ಸಾಯುವುದರೊಳಗೆ ಒಂದು ಸಲ ಒಳ್ಳೆಯ ಹಾಡು ಕೇಳಬೇಕೆಂದು ಆಸೆ ಎಂದ. ಹಾಡುಗ ತನ್ನ ಕಟ್ಟುಗಳನ್ನು ಹೇಳಿದ. ಮುದುಕ ಕೇರಿಯವರನ್ನೆಲ್ಲ ಕರೆಸಿ ಅವರ ಎದುರಿಗೇ ಮಾತು ಕೊಟ್ಟ. ಸುತ್ತಿಗೆ ಕೆಳಗಿಡುತ್ತೇವೆ, ಮಂಗಳದವರೆಗೆ ಯಾರೂ ಏಳುವುದಿಲ್ಲ, ಒಂದು ಸದ್ದೂ ಬರುವುದಿಲ್ಲ ಎಂದ. ಕೇರಿಯವರೆಲ್ಲ ಹೂಂಗುಟ್ಟಿದರು.

ಮುದುಕನ ಅಂಗಳದಲ್ಲಿ ಚಪ್ಪರ ಹಾಕಿ ಜಮಖಾನ ಹಾಸಿದರು. ಹಾಡುಗ ಕೂತು ಶ್ರುತಿ ಮಾಡಿಕೊಳ್ಳುತ್ತಿದ್ದಾಗ ಮುದುಕ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಸ್ವಾಮಿ, ಒಂದು ಮಾತು ನಿಮ್ಮ ಕಿವಿಗೆ ಹಾಕ್ಬೇಕು. ನಮ್ಮ ಕೇರೀಲಿ ಬಡಿಯೋ ಸದ್ದಿಗೆ ಬಾಯಿಮಾತು ಕೇಳ್ಸಲ್ಲ. ಕೈಯಲ್ಲೇ ಮಾತು. ಯಾರಿಗಾದ್ರೂ ಪೆಟ್ಟಾಯ್ತು, ಎದೆ ಹಿಡ್ಕೊಳ್ತು ಅಂದ್ರೆ ಅಂಗೈ ಬಿಚ್ಚಿ ಮೇಲಕ್ಕೆ ಎತ್ತೋದು. ಎತ್ತಿದ ಕೂಡ್ಲೇ ಎದುರಿಗೆ ಸದ್ದು ಮಾಡ್ತಾ ಇರೋನು ನಿಲ್ಲಿಸ್ಬೇಕು. ಅವನು ನಿಲ್ಲಿಸಿ ಎದ್ದ ಮೇಲೇನೇ ಮಿಕ್ಕೋರು ಏಳೋದು. ಸುತ್ತ ಬೆಂಕಿ, ಕಾದ ತಾಮ್ರ ಇರ್ತದೆ ನೋಡಿ, ಎಲ್ರೂ ಒಟ್ಟಿಗೆ ನುಗ್ಗಿದ್ರೆ ಅನಾಹುತ. ಇವತ್ತು ಸದ್ದು ಮಾಡೋರು ನೀವೇ. ನಂಗೂ ಈಚೆಗೆ ಎದೆ ಸರಿಯಿಲ್ಲ. ತಿಳ್ದಿರ್ಲಿ ಅಂತ ಹೇಳ್ದೆ."

"ಆಗಲಿ, ಆಗಲಿ" ಎಂದ ಹಾಡುಗ. ಅವನ ಕಿವಿ ಪಂಚಮದ ತಂತಿಯ ಮೇಲಿತ್ತು. ತಂತಿ ಕೂದಲೆಳೆಯಷ್ಟು ಇಳಿದಿತ್ತು. ಬಿರಡೆ ತಿರುಗಿಸಿ ಅದನ್ನು ಕೂಡಿಸಿದ. ಅವನು ತಲೆ ಎತ್ತುವಷ್ಟರಲ್ಲಿ ಮುದುಕ ಸಮಾಧಾನವಾಗಿ ಹೋಗಿ ಮುಂದಿನ ಸಾಲಿನಲ್ಲಿ, ಚಪ್ಪರದ ಕಂಬದ ಪಕ್ಕ ಕೂತಿದ್ದ.

ಇಳಿಹೊತ್ತಿನಲ್ಲಿ ಕಛೇರಿ ಶುರುವಾಯಿತು. ಇಡೀ ಕೇರಿ ಅಂಗಳದಲ್ಲಿ ನೆರೆದಿತ್ತು. ಒಂದು ಕೆಮ್ಮಿಲ್ಲ. ಒಂದು ಬಳೆಯ ಸದ್ದಿಲ್ಲ. ಕೈಸನ್ನೆ ನೋಡಿ ಬದುಕುವ ಜನ, ನೋಡುವುದೆಂದರೆ ಕಣ್ಣು ಕೀಳದೆ ನೋಡುತ್ತಾರೆ. ಅವರ ಕಣ್ಣೆಲ್ಲ ಹಾಡುಗನ ಮೇಲೆ. ಹಾಡುಗನಿಗೆ ಮೊದಮೊದಲು ನಂಬಿಕೆಯೇ ಬರಲಿಲ್ಲ. ಈಗ ಯಾರಾದರೂ ಎದ್ದಾರು, ಈಗ ಯಾರಾದರೂ ಪಿಸುಗುಟ್ಟಿಯಾರು ಎಂದು ಕಾದ. ಯಾರೂ ಏಳಲಿಲ್ಲ. ಅವನ ಗಂಟಲು ತಾನಾಗಿ ಸಡಿಲವಾಯಿತು. ತನ್ನಲ್ಲಿ ಇಂಥ ದನಿ ಇದೆಯೆಂದು ಅವನಿಗೇ ಗೊತ್ತಿರಲಿಲ್ಲ. ನಾನು ಹುಡುಕಿಕೊಂಡು ತಿರುಗಿದ ಜನ ಇವರೇ ಎಂದುಕೊಂಡ.

ಎಲ್ಲರಿಗಿಂತ ಹೆಚ್ಚಾಗಿ ಆ ಮುದುಕ. ಬಾಯಿ ಅರೆ ತೆರೆದು, ಕತ್ತು ಮುಂದೆ ಚಾಚಿ ಕೇಳುತ್ತಿದ್ದ. ಹಾಡುಗ ಅವನೊಬ್ಬನಿಗಾಗಿಯೇ ಹಾಡತೊಡಗಿದ.

ಪಲ್ಲವಿ ನಡೆಯುತ್ತಿತ್ತು. ಮುದುಕನ ಬಲಗೈ ಮೇಲೆದ್ದಿತು. ಅಂಗೈ ಬಿಚ್ಚಿತ್ತು. ಬೆರಳುಗಳು ನಡುಗುತ್ತಿದ್ದವು.

ಹಾಡುಗ ಅದನ್ನು ಕಂಡ. ದೊಡ್ಡ ದೊಡ್ಡ ರಸಿಕರು ಮನಸ್ಸು ತುಂಬಿ ಬಂದಾಗ ಹೀಗೆಯೇ ಕೈ ಎತ್ತುವುದನ್ನು ಅವನು ಬಲ್ಲ. ತಾನು ಈಗಷ್ಟೇ ಹಾಡಿದ ಸಂಗತಿ, ಪಲ್ಲವಿಯ ಆ ಹೊಸ ತಿರುವು, ಮುದುಕನಿಗೆ ನಾಟಿತು ಎಂದು ಹಿಗ್ಗಿಹೋದ. ಅವನನ್ನು ನೋಡಿ ನಕ್ಕ. ಅದೇ ಸಂಗತಿಯನ್ನು ಮತ್ತೆ ಹಾಡಿದ. ಕೈ ಇನ್ನೂ ಮೇಲಕ್ಕೆ ಹೋಯಿತು. ಇನ್ನೊಂದು ಸಲ, ದನಿ ಏರಿಸಿ ಹಾಡಿದ. ಮುದುಕನ ಕಣ್ಣಿನಿಂದ ನೀರು ಇಳಿಯಿತು. ಅದನ್ನು ಕಂಡು ಹಾಡುಗನ ಕಣ್ಣೂ ತುಂಬಿ ಬಂತು.

"ಅಯ್ಯೋ, ನಿಲ್ಲಿಸಲಿಲ್ಲವೇ!" ಎಂದ ಸಾಂಬಯ್ಯ.

ಗುರುಗಳು ಅವನತ್ತ ನೋಡದೆ ಮುಂದುವರಿಸಿದರು.

ಮುದುಕನ ಹೆಂಡತಿ ಹೆಂಗಸರ ನಡುವಿನಿಂದ ಅರ್ಧ ಎದ್ದಳು. ಹಾಡುಗನ ಹುಬ್ಬು ಗಂಟಾಯಿತು. ಇಷ್ಟು ಹೊತ್ತು ಕೂಡಿಬಂದದ್ದನ್ನು ಇವಳೊಬ್ಬಳು ಕೆಡಿಸುತ್ತಾಳಲ್ಲ ಎನ್ನಿಸಿತು. ಹಾಡು ನಿಲ್ಲಿಸದೆ, ಕೂತುಕೋ ಎಂದು ಎಡಗೈಯಲ್ಲಿ ಸನ್ನೆ ಮಾಡಿದ. ಸನ್ನೆ ಎಂದರೆ ಆ ಕೇರಿಯಲ್ಲಿ ಮಾತು. ಇವರು ಕೈ ಕಂಡಿದ್ದಾರೆ, ಕಂಡೇ ನನಗೆ ಹೀಗೆ ಹೇಳುತ್ತಿದ್ದಾರೆ, ಇನ್ನೇನು ನಿಲ್ಲಿಸುತ್ತಾರೆ ಎಂದುಕೊಂಡು ಅವಳು ಕೂತಳು.

ಒಬ್ಬರಾದರೂ ಎದ್ದು ಓಡಬಾರದಿತ್ತೇ ಎಂದು ನಿನಗೆ ಅನ್ನಿಸುತ್ತದೆ. ನನಗೂ ಅನ್ನಿಸುತ್ತದೆ. ಆದರೆ ಸದ್ದು ಮಾಡುವವನು ನಿಲ್ಲಿಸುವವರೆಗೆ ಕಾಯುವುದು ಅವರಿಗೆ ತಾಯಿಯ ಹಾಲಿನ ಜೊತೆ ಬಂದ ಅಭ್ಯಾಸ. ಮೇಲೆ ಹಿರಿಯ ಎಲ್ಲರ ಪರವಾಗಿ ಮಾತು ಕೊಟ್ಟಿದ್ದ. ಈಗ ನಿಲ್ಲಿಸುತ್ತಾರೆ, ಈ ಸಾಲು ಮುಗಿದರೆ ನಿಲ್ಲಿಸುತ್ತಾರೆ ಎಂದು ಪ್ರತಿಯೊಬ್ಬರೂ ಹಾಡುಗನ ಮುಖವನ್ನೇ ನೋಡುತ್ತ ಕೂತರು. ಅಷ್ಟೊಂದು ಕಣ್ಣುಗಳು ಅಷ್ಟೊಂದು ಆಸೆಯಿಂದ ತನ್ನನ್ನು ನೋಡುತ್ತಿರುವುದನ್ನು ಹಾಡುಗ ಕಂಡ. ಇನ್ನೂ ಚೆನ್ನಾಗಿ ಹಾಡಿದ.

ಕೈ ಮೆಲ್ಲಗೆ ಇಳಿಯಿತು. ಮುದುಕ ಕಂಬಕ್ಕೆ ಒರಗಿದ. ಹಾಡುಗ ಅದನ್ನೂ ಕಂಡ. ಮುದುಕ ಮೈಮರೆತಿದ್ದಾನೆ ಎಂದುಕೊಂಡ.

ಆಮೇಲೆ ಮಂಗಳ ಹಾಡಿ ತಂಬೂರಿಯನ್ನು ತೊಡೆಯ ಮೇಲೆ ಮಲಗಿಸಿದ. ಯಾರೂ ಅಲುಗಾಡಲಿಲ್ಲ. ಭಲೇ ಎನ್ನಲಿಲ್ಲ. ಇವರಿಗೆ ಮಾತೇ ಹೊರಡುತ್ತಿಲ್ಲ ಎಂದು ಹಾಡುಗ ತಿಳಿದ. ಅರಮನೆ ಬಿಟ್ಟದ್ದು ಸಾರ್ಥಕವಾಯಿತು, ಇನ್ನು ಸತ್ತರೂ ಚಿಂತೆಯಿಲ್ಲ ಎಂದುಕೊಂಡ. ಎಂಥ ಮಾತು ನೋಡು, ಅದೇ ಗಳಿಗೆಯಲ್ಲಿ!

ಮುದುಕನ ಹೆಂಡತಿ ಎದ್ದು ಬಂದಳು. ಗಂಡನ ಹೆಗಲು ಹಿಡಿದು ಅಲುಗಿಸಿದಳು. ಅವನ ತಲೆ ಜಾರಿ ಅವಳ ಮಡಿಲಿಗೆ ಬಿತ್ತು. ಆಗ ಕೇರಿಗೆ ಕೇರಿಯೇ ಒಮ್ಮೆಲೇ ಎದ್ದು ನಿಂತಿತು.

ಹಾಡುಗನಿಗೆ ಏನಾಯಿತೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಎದ್ದು ಮುದುಕನ ಹೆಂಡತಿಯ ಎದುರಿಗೆ ಬಂದ. "ಯಾರಾದರೂ ಒಂದು ಮಾತು ಹೇಳಬಾರದಿತ್ತೇ ತಾಯಿ?" ಎಂದು ತೊದಲಿದ.

ಅವಳು ಅವನನ್ನು ಬಯ್ಯಲಿಲ್ಲ. ಅರ್ಥವಾಗದವಳ ಹಾಗೆ ನೋಡಿದಳು. "ಕೈ ಎತ್ತಿದ್ರಲ್ಲ ಸ್ವಾಮಿ. ನಿಮ್ಮ ಕಡೆಗೇ ಎತ್ತಿದ್ರು. ನೀವು ನೋಡಿದ್ರಿ. ನೋಡಿ ನಕ್ರಿ. ನಾನು ಏಳಕ್ಕೆ ಹೋದ್ರೆ ಕೂತ್ಕೋ ಅಂದ್ರಿ."

"ನನಗೆ ಗೊತ್ತಿರಲಿಲ್ಲ."

"ಅವರಿಗೆ ಎಲ್ಲಾ ಹೇಳಿದ್ದೀನಿ, ಆಗಲಿ ಅಂದಿದ್ದಾರೆ, ನೀನು ಹೆದರ್ಕೋಬೇಡ ಅಂತ ನಂಗೆ ಧೈರ್ಯ ಹೇಳಿ ಬಂದು ಕೂತ್ರು ಸ್ವಾಮಿ" ಎಂದಳು.

ಹಾಡುಗ ನೆನಪು ಮಾಡಿಕೊಂಡ. ಮುದುಕ ಪಕ್ಕದಲ್ಲಿ ಕೂತದ್ದು ನೆನಪಿಗೆ ಬಂತು. ತುಟಿ ಅಲುಗಾಡಿದ್ದು ನೆನಪಿಗೆ ಬಂತು. ಏನು ಹೇಳಿದ? ಒಂದು ಪದವೂ ಬರಲಿಲ್ಲ. ಯಾರೋ ಯಾವಾಗಲೋ ಹಾಡಿದ ರಾಗವನ್ನು ಒಮ್ಮೆ ಕೇಳಿದರೆ ವರ್ಷಗಟ್ಟಲೆ ಇಟ್ಟುಕೊಳ್ಳುವ ಕಿವಿ ಅದು. ಆ ಕಿವಿಯಲ್ಲಿ ಮುದುಕನ ದನಿ ಗಟ್ಟಿಯೋ ಮೆದುವೋ, ಅದೂ ಉಳಿದಿರಲಿಲ್ಲ. ಪಂಚಮದ ತಂತಿ ಎಷ್ಟು ಇಳಿದಿತ್ತು ಎಂಬುದು ಮಾತ್ರ ಚೆನ್ನಾಗಿ ನೆನಪಿತ್ತು.

ಅವನು ತಲೆ ಚಚ್ಚಿಕೊಂಡು ಅತ್ತ. ಯಾರೂ ಸಮಾಧಾನ ಮಾಡಲು ಬರಲಿಲ್ಲ. ಹೋಗು ಎಂದೂ ಹೇಳಲಿಲ್ಲ. ಅವರಿಗೆ ತಮ್ಮ ಹಿರಿಯನ ಕೆಲಸವಿತ್ತು. ನಾಲ್ಕು ಜನ ಸೇರಿ ಮುದುಕನನ್ನು ಒಳಗೆ ಎತ್ತಿಕೊಂಡು ಹೋದರು. ಹಾಡುಗ ಖಾಲಿ ಅಂಗಳದಲ್ಲಿ ಒಬ್ಬನೇ ಉಳಿದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

 ಸಾಂಬಯ್ಯನ ಮನಸ್ಸು ಇನ್ನೂ ಆ ಹಾಡುಗನ ಮೇಲೇ ಇತ್ತು. "ಗುರುಗಳೇ, ಅವನಿಗೆ ಅಂಥ ಕೇಳುಗರು ಆಮೇಲೆ ಮತ್ತೆ ಎಲ್ಲಾದರೂ ಸಿಕ್ಕರೇ?" ಎಂದು ಕೇಳಿದ.

"ಅವತ್ತು ಆ ಅಂಗಳದಲ್ಲಿ ಕೇಳುಗ ಬೇಕಾಗಿದ್ದದ್ದು ಮುದುಕನಿಗಪ್ಪಾ" ಎಂದರು ಗುರುಗಳು.