ತಡವಾದಯ್ಯನ ದಿಣ್ಣೆ

ಸೀಗೆಹೊಳೆ ಹುಟ್ಟುವುದು ಮಂಜುಗಲ್ಲು ಬೆಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ, ಸಾಯುವುದು ಬಸರಿಹಟ್ಟಿಯ ಮರಳಿನಲ್ಲಿ. ಸಮುದ್ರ ಸೇರುವ ಭಾಗ್ಯ ಅದಕ್ಕಿಲ್ಲ. ಮೊದಲು ಕಣಿವೆಯ ಕಾಡು, ಆಮೇಲೆ ಬಿದಿರು, ಆಮೇಲೆ ಹೊಂಗೆ, ಕೊನೆಗೆ ಬರಿಯ ಜಾಲಿ ನೋಡುತ್ತಾ ಎಂಟು ದಿನದ ನಡಿಗೆಯಷ್ಟು ದೂರ ಹರಿದು, ಸವಳು ನೆಲದ ಅಂಚಿಗೆ ಬರುವಷ್ಟರಲ್ಲಿ ಹೊಳೆಗೆ ಸಾಕಾಗಿಹೋಗಿರುತ್ತದೆ. ಅಲ್ಲಿ ಅದು ಸದ್ದಿಲ್ಲದೆ ಮರಳೊಳಗೆ ಇಳಿದುಬಿಡುತ್ತದೆ. ಆ ಮರಳನ್ನು ಮೊಣಕಾಲಾಳ ತೋಡಿದರೆ ನೀರು ಜಿನುಗುತ್ತದೆ. ಆ ಒರತೆಗೆ ತಲಪರಿಗೆ ಎನ್ನುತ್ತಾರೆ. ಬಸರಿಹಟ್ಟಿ ಬದುಕಿರುವುದು ಅಂಥ ಏಳು ತಲಪರಿಗೆಗಳ ದಯೆಯಿಂದ. ಅವುಗಳ ಪಕ್ಕದ ಮಣ್ಣುದಿಬ್ಬವೇ ತಡವಾದಯ್ಯನ ದಿಣ್ಣೆ. ದೂರದಿಂದ ಬಂದವರಿಗೆ ಇದನ್ನು ನೋಡಲು ಇಷ್ಟು ಬಿಸಿಲು ತಿನ್ನಬೇಕಿತ್ತೇ ಅನ್ನಿಸಿದರೆ ಅವರ ತಪ್ಪೇನೂ ಅಲ್ಲ.

ಹಿಂದೆ ಒಮ್ಮೆ ಈ ಹಟ್ಟಿಯಲ್ಲಿ ಕಾಟಯ್ಯನೆಂಬ ನೀರುಗಂಟಿ ಇದ್ದ. ಉಳಿದ ಊರುಗಳ ನೀರುಗಂಟಿಗಳು ಕೆರೆಯ ತೂಬು ಎತ್ತಿ ಇಳಿಸಿ ಮನೆಗೆ ಹೋಗುತ್ತಿದ್ದರು. ಬಸರಿಹಟ್ಟಿಯವನಿಗೆ ಆ ಸುಖ ಇರಲಿಲ್ಲ. ಮುಂಗಾರಿಗೆ ಮೊದಲು ಅವನು ಬೆಟ್ಟ ಹತ್ತಬೇಕು, ಹೊಸನೀರು ಇಳಿಯುತ್ತಲೇ ಅದರ ಮುಂದೆ ಮುಂದೆ ನಡೆದು ಬರಬೇಕು. ದಾರಿಯ ಊರಿನವರೆಲ್ಲ ತಮ್ಮ ಪಾಲಿನ ನೀರಿಗೆಂದು ಹೊಳೆಗೆ ಅಡ್ಡಲಾಗಿ ಮರಳಿನ ಒಡ್ಡು ಹಾಕಿರುತ್ತಿದ್ದರು. ನೀರುಗಂಟಿಯ ಮುಖ ಕಂಡರೆ, ತಮ್ಮ ಗುಂಡಿ ತುಂಬಿದ ಮೇಲೆ ಒಡ್ಡು ಒಡೆದು ನೀರನ್ನು ಕೆಳಗೆ ಬಿಡುವುದು ಕಟ್ಟಳೆ. ಅವನು ಬಾರದಿದ್ದರೆ ಬಿಡುವ ಹಂಗಿಲ್ಲ. ಹೀಗೆ ಇಪ್ಪತ್ತೆಂಟು ಮಳೆಗಾಲ ನಡೆದು ಕಾಟಯ್ಯನ ಹಿಮ್ಮಡಿ ಒಣಗಿದ ಕೆರೆಯಂಗಳದ ಹಾಗೆ ಬಿರಿದಿತ್ತು.

ಒಂದು ವರ್ಷ ತಲಪರಿಗೆಗಳು ಬೇಸಿಗೆಗೆ ಮೊದಲೇ ಸೊರಗಿದವು. ಹಟ್ಟಿಯ ಹಿರಿಯರು ಕೂತು ಲೆಕ್ಕ ಹಾಕಿದರು: ಬೆಟ್ಟದ ಮೇಲೆ ಅಷ್ಟು ಮಳೆ ಬಿದ್ದರೂ ನೀರು ಬರಲು ಎಂಟು ದಿನ ಯಾಕೆ? ನೆತ್ತಿಯ ಹುಲ್ಲೂ ಕಣಿವೆಯ ಕಾಡೂ ಕುಡಿದು ಉಳಿದ ಎಂಜಲು ನಮಗೆ ಬರುತ್ತಿದೆ. ಮರಳುಗಾಡಿನ ಅಂಚಿನಲ್ಲಿ ಹುಟ್ಟಿ ಬೆಳೆದವರಿಗೆ ಹಸಿರೆಂದರೆ ನೀರು ಕುಡಿಯುವ ಬಾಯಿ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕಾಟಯ್ಯನಿಗೂ ಅದು ಸರಿ ಎನಿಸಿತು. ಬೇಗ ನೀರು ಬಂದರೆ ತನ್ನ ನಡಿಗೆಯೂ ಕಮ್ಮಿಯಾದೀತು ಎಂಬ ಆಸೆ ಮೂಲೆಯಲ್ಲೆಲ್ಲೋ ಇತ್ತು.

ಬೆಟ್ಟದ ಮೇಲೆ ದನ ಕಾಯುವವರ ಹಿರಿಯಳು ಮಾಸ್ತಜ್ಜಿ. ಕಾಟಯ್ಯ ಅವಳ ಮುಂದೆ ಹೋಗಿ, ಹುಲ್ಲು ಸುಟ್ಟು ಮರ ಕಡಿದು ನೀರನ್ನು ಬೇಗ ಕೆಳಗೆ ಬಿಡಿ ಎಂದು ಕೈಮುಗಿದ.

“ಹುಲ್ಲು ಕುಡಿಯಲ್ಲ ಕಣಪ್ಪ, ಹಿಡ್ಕಂಡು ಕೂತಿರ್ತದೆ. ಆಮೇಲೆ ಇಷ್ಟಿಷ್ಟೇ ಬಿಡ್ತದೆ” ಎಂದಳು ಅಜ್ಜಿ.

“ನೀರಿನ ಪಕ್ಕ ಕೂತು ಮಾತಾಡ್ತೀಯ ನೀನು. ನಮ್ಮ ಹಟ್ಟಿಯಾಗೆ ಮಕ್ಳು ಒದ್ದೆ ಮಳ್ಳು ಚೀಪ್ತಾವೆ ಅಜ್ಜೀ.”

ಅಷ್ಟು ದೂರ ನಡೆದು ಬಂದವನಿಗೆ ಇಲ್ಲವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಹುಲ್ಲಿಗೆ ಬೆಂಕಿಯಿಟ್ಟರು, ಬುಡ ಅಗೆದರು, ಕಣಿವೆಯ ಮರಗಳನ್ನೂ ಕಡಿದರು.

ಆ ಸಲ ನೀರು ಬೇಗ ಬಂದಿತು, ಕೇಳಿದ್ದಕ್ಕಿಂತ ಬೇಗ. ಎರಡನೆಯ ದಿನವೇ ಅದು ಕಾಟಯ್ಯನನ್ನು ಬೆನ್ನಟ್ಟಿ ಹಿಂದೆ ಹಾಕಿತು. ಅವನು ಹೊಂಗೆಮರ ಹತ್ತಿ ಜೀವ ಉಳಿಸಿಕೊಂಡ. ಅವನ ಕಣ್ಣೆದುರೇ ಕೆಂಪು ನೀರು ಒಡ್ಡುಗಳನ್ನು ಕಿತ್ತೊಯ್ದಿತು. ಕೆಸರು ತುಳಿದುಕೊಂಡು ಅವನು ಹಟ್ಟಿ ಮುಟ್ಟುವ ಹೊತ್ತಿಗೆ ಹೊಳೆ ಒಣಗಿತ್ತು. ಏಳರಲ್ಲಿ ಆರು ತಲಪರಿಗೆಗಳನ್ನು ಹೂಳು ಮುಚ್ಚಿತ್ತು. ಹೆಂಡತಿ ಸೂರಕ್ಕ ಕೊಡ ಕೆಳಗಿಟ್ಟು, “ನೀರು ಬಂದು ಹೋಗಿ ನಾಕು ದಿನ ಆತು. ನೀನು ಈಗ ಬಂದೆ” ಎಂದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ದಿಣ್ಣೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: “ಸುಡ್ರಿ ಅಂತ ಬೇಡಿದೋನು ನಾನು. ಮತ್ತೆ ಹುಲ್ಲು ನೆಟ್ಟು ಬರ್ತೀನಿ. ಅಲ್ಲೀತಂಕ ಊರು ಬಿಡಬ್ಯಾಡ್ರಿ.” ಉಳಿದ ಒಂದು ಒರತೆ ಇರುವ ತನಕ ಕಾಯುತ್ತೇವೆ ಎಂದರು ಜನ.

ಹುಲ್ಲು ನೆಡುವುದು ಗೋಡೆ ಕಟ್ಟಿದ ಹಾಗಲ್ಲ. ಮೊದಲ ವರ್ಷ ನೆಟ್ಟದ್ದೆಲ್ಲ ಮಣ್ಣಿನ ಸಮೇತ ಜಾರಿಹೋಯಿತು. ಮಾಸ್ತಜ್ಜಿ ಹಂಗಿಸದೆ ಅವನ ಜೊತೆಗೇ ಬಗ್ಗಿ ಮತ್ತೆ ನೆಟ್ಟಳು. ಮೂರನೆಯ ವರ್ಷ ಅವಳು ತೀರಿಕೊಂಡಳು. ಪ್ರತಿ ಮಳೆಗಾಲದಲ್ಲೂ ಕಾಟಯ್ಯ ನೀರಿನ ಮುಂದೆ ಹೊರಡುತ್ತಿದ್ದ, ಪ್ರತಿ ಸಲವೂ ನೀರೇ ಗೆಲ್ಲುತ್ತಿತ್ತು. ಒಂದು ವರ್ಷ ಮೂರನೆಯ ದಿನ, ಮರುವರ್ಷ ನಾಲ್ಕನೆಯ ದಿನ. ಸೋತಲ್ಲಿಂದಲೇ ಅವನು ಬೆಟ್ಟಕ್ಕೆ ತಿರುಗುತ್ತಿದ್ದ. ಮನೆಗೆ ಹೋಗಿ ಬರುವಷ್ಟು ಕಾಲಿನಲ್ಲಿ ಶಕ್ತಿ ಉಳಿದಿರಲಿಲ್ಲ. ಮುಖ ತೋರಿಸುವ ಧೈರ್ಯವೂ ಇರಲಿಲ್ಲ.

ಏಳನೆಯ ವರ್ಷ ನೀರು ಅವನ ಹಿಂದೆಯೇ ಉಳಿಯಿತು. ನಿಧಾನವಾಗಿ, ತಿಳಿಯಾಗಿ, ಒಂದೊಂದೇ ಒಡ್ಡು ದಾಟುತ್ತಾ ಬಂತು. ಎಂಟನೆಯ ದಿನ ಕಾಟಯ್ಯ ದಿಣ್ಣೆ ಹತ್ತಿ, ನೀರು ಬರ್ತೈತೆ ಎಂದು ಕೂಗಿದ. ಯಾವ ಗುಡಿಸಲಿನಿಂದಲೂ ಯಾರೂ ಹೊರಬರಲಿಲ್ಲ. ಕೊನೆಯ ಒರತೆ ಬತ್ತಿ ತಿಂಗಳಾಗಿತ್ತು, ಹಟ್ಟಿ ಒಲೆಕಲ್ಲು ಸಮೇತ ಎದ್ದುಹೋಗಿತ್ತು. ಅವನ ಬಾಗಿಲಲ್ಲಿ ಸೂರಕ್ಕ ಎರಡು ದಿನಕ್ಕಾಗುವಷ್ಟು ಸಜ್ಜೆಯನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ್ದಳು. ಅವಳು ಸಿಟ್ಟಿನಿಂದ ಹೋಗಿರಲಿಲ್ಲ, ದಣಿದು ಹೋಗಿದ್ದಳು. ಅವನು ಆ ಗಂಟನ್ನು ಬಿಚ್ಚಲಿಲ್ಲ. ಒಬ್ಬನೇ ಮರಳಿಗಿಳಿದು ಏಳೂ ತಲಪರಿಗೆಗಳ ಹೂಳನ್ನು ಕೈಯಿಂದಲೇ ತೋಡಿದ. ಕಡೆಯ ಒಡ್ಡನ್ನು ತಾನೇ ಒಡೆದ. ನೀರು ಬಂದು ಒಂದೊಂದರಲ್ಲೂ ನಿಲ್ಲುವುದನ್ನು ದಿಣ್ಣೆಯ ಮೇಲೆ ಕೂತು ನೋಡಿದ.

ಕುರಿಗಾಹಿಗಳಿಂದ ಸುದ್ದಿ ತಿಳಿದು ಹಟ್ಟಿಯವರು ಮರಳಿದ್ದು ಮರುಬೇಸಿಗೆಯಲ್ಲಿ. ತಲಪರಿಗೆಗಳಲ್ಲಿ ಆಗಲೂ ಮೊಣಕಾಲುದ್ದ ನೀರಿತ್ತು. ಕಾಟಯ್ಯ ಇರಲಿಲ್ಲ. ಅಲ್ಲೇ ಮಣ್ಣಾದ ಎನ್ನುತ್ತಾರೆ, ಮತ್ತೆ ಬೆಟ್ಟ ಹತ್ತಿದ ಎನ್ನುವವರೂ ಇದ್ದಾರೆ. ಜನ ಆ ದಿಬ್ಬಕ್ಕೆ ತಡವಾದಯ್ಯನ ದಿಣ್ಣೆ ಎಂದು ಹೆಸರಿಟ್ಟರು. ಸೂರಕ್ಕ ಮಾತ್ರ ಬದುಕಿರುವ ತನಕ ಆ ಹೆಸರು ಹೇಳಲಿಲ್ಲವಂತೆ. “ಅವನು ಹೊತ್ತಿಗೇ ಬಂದಿದ್ದ. ತಡ ಆಗಿದ್ದು ನಮ್ಗೆ” ಎನ್ನುತ್ತಿದ್ದಳಂತೆ.

ಇಂದಿಗೂ ನೀರಿಗೆ ಬಂದ ಹೆಂಗಸರು, ಸಂತೆಯಿಂದ ಹಿಂದಿರುಗುವವರು ಆ ದಿಣ್ಣೆಯ ಮೇಲೆ ಕೂತು ದಣಿವಾರಿಸಿಕೊಳ್ಳುವುದನ್ನು ಹೋದವರು ನೋಡಬಹುದು. ನೀವೂ ಕೂರಬಹುದು. ಎಷ್ಟು ಹೊತ್ತಾದರೂ ಯಾರೂ ಎಬ್ಬಿಸುವುದಿಲ್ಲ. ಊರಿನ ಕಟ್ಟಳೆ ಒಂದೇ. ಅಲ್ಲಿ ಕೂತವರನ್ನು, ಯಾಕೆ ಇಷ್ಟು ತಡ ಎಂದು ಕೇಳುವಂತಿಲ್ಲ.