ಹಗ್ಗದ ಪಾಲು

ನದಿ ಕಡಲು ಸೇರುವ ಕಡೆ ಒಂದು ಆಶ್ರಮ. ಅಲ್ಲಿ ಕಲಿತ ಶೀನ ಮೀನುಗಾರರ ಮನೆಯವನು. ತನ್ನನ್ನು ಸಾಕಿದ ಕೇರಿಯ ಋಣವನ್ನು ಅವನು ಮರೆತಿರಲಿಲ್ಲ. ಊರೂರು ಅಲೆದು, ಕಂಡಕಂಡವರ ಕೈಕಾಲು ಹಿಡಿದು, ದಡದಿಂದಲೇ ಬಲೆ ಎಳೆಯುವ ಒಂದು ಯಂತ್ರ ತಂದುಕೊಟ್ಟ.

ಅವತ್ತು ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಗುರುಗಳೇ, ನಲವತ್ತು ಜನ ಎಳೆಯುತ್ತಿದ್ದ ಬಲೆಗೆ ಈಗ ಐದು ಜನ ಸಾಕು. ತಾವು ಬಂದು ನೋಡಬೇಕು."

ಗುರುಗಳು ಹೋದರು. ಯಂತ್ರ ಗುಡುಗುಡು ಅಂದಿತು, ಬಲೆ ದಡಕ್ಕೆ ಬಂತು, ಬಂಗುಡೆ ಮೀನಿನ ರಾಶಿ ಬಿತ್ತು. ನಡು ಬಿದ್ದುಹೋಗಿದ್ದ ಮುದುಕರು ಶೀನನ ತಲೆ ಸವರಿ ಹರಸಿದರು.

ಹಗ್ಗದ ಕೆಲಸ ತಪ್ಪಿದವರು ಮಾತ್ರ ದೂರ ನಿಂತಿದ್ದರು. ಅವರ ನಡುವೆ ಅದೇ ಕೇರಿಯ ಬಚ್ಚಮ್ಮ, ಕೈಯಲ್ಲಿ ಖಾಲಿ ಬುಟ್ಟಿ. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಒಂದು ಪಾಲು ಮೀನು ಎಂಬುದು ಆ ಕಡಲತೀರದ ಕಟ್ಟಳೆ. ಗಂಡ ತೀರಿಕೊಂಡ ಮೇಲೆ ಅವಳ ಒಲೆ ಉರಿಯುತ್ತಿದ್ದುದು ಆ ಪಾಲಿನಿಂದಲೇ.

ಶೀನ ಅವಳನ್ನು ಕಂಡ. ಎರಡು ಬೊಗಸೆ ಮೀನು ತಂದು ಬುಟ್ಟಿಗೆ ಹಾಕಹೋದ. ಅವಳು ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಳು.

"ಹಗ್ಗ ಮುಟ್ದೆ ಪಾಲ್ ತಕಂಬುದ್ ಹ್ಯಾಂಗ್ ಮಗಾ? ನಾ ಬೇಡೂಕ್ ಬಂದವ್ಳಲ್ಲ."

ಮರುದಿನ ಬೆಳಿಗ್ಗೆ ಗುರುಗಳು ಮತ್ತೆ ಬಂದರು. ಯಂತ್ರ ಎಳೆದು ಹಿಂದಕ್ಕೆ ಬಿಡುತ್ತಿದ್ದ ಹಗ್ಗದ ತುದಿ ಹಿಡಿದು ನಿಂತರು. "ಬಾ ತಾಯಿ" ಎಂದು ಬಚ್ಚಮ್ಮನನ್ನೂ ಕರೆದರು.

ಶೀನನಿಗೆ ನಗು ಬಂತು. "ಎಳೆಯುತ್ತಿರುವುದು ಯಂತ್ರ, ಗುರುಗಳೇ. ತಾವು ಹಿಡಿದುಕೊಂಡರೆ ಏನು ಬಂತು?"

"ಮೂರು ವರ್ಷದವನಿದ್ದಾಗ ನೀನು ಅಮ್ಮನ ಸೊಂಟದ ಮೇಲೆ ಕೂತು ಇದೇ ಹಗ್ಗ ಮುಟ್ಟುತ್ತಿದ್ದೆ. ಈ ತಾಯಿಯ ಗಂಡ ನಿನ್ನ ಹೆಸರು ಕೂಗಿ ನಿನಗೂ ಒಂದು ಪಾಲು ಹಾಕುತ್ತಿದ್ದ. ಅವತ್ತು ನೀನೆಷ್ಟು ಎಳೆದಿದ್ದೆ, ಮಗು?"

ಶೀನನ ಕಣ್ಣು ತುಂಬಿ ಬಂತು. ಬಚ್ಚಮ್ಮನ ಕಾಲು ಮುಟ್ಟಿ ನಮಸ್ಕರಿಸಿದ. ಹಗ್ಗವನ್ನು ಅವಳ ಕೈಗಿಟ್ಟ. ದೂರ ನಿಂತಿದ್ದವರು ಒಬ್ಬೊಬ್ಬರಾಗಿ ಬಂದು ಹಗ್ಗ ಹಿಡಿದರು. ಅವತ್ತು ತನ್ನ ಪಾಲಿನ ಮೀನಿನ ಬುಟ್ಟಿ ಹೊತ್ತು ಹೊರಟ ಬಚ್ಚಮ್ಮ, ದಾರಿಯುದ್ದಕ್ಕೂ ಶೀನನಿಗೆ ಒಳ್ಳೆಯದಾಗಲಿ ಎನ್ನುತ್ತಲೇ ಹೋದಳು.

"ಯಂತ್ರ ತಂದು ತಪ್ಪು ಮಾಡಿದೆನೇ, ಗುರುಗಳೇ? ವಾಪಸು ಕಳಿಸಿಬಿಡಲೇ?"

"ಬೇಡಪ್ಪ, ಎಷ್ಟೋ ಜನರ ಬೆನ್ನು ಉಳಿಸಿದ್ದೀಯ. ಹಗ್ಗ ಮಾತ್ರ ಇನ್ನೂ ಹತ್ತು ಮಾರು ಉದ್ದದ್ದು ತಾ."